ಹೆಸರು ಬಿಡಿಸುವಾಗ ಹುಟ್ಟಿದವರು

ಜೂನ್ 1 ಬಂತೆಂದರೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಕೇಕಿನ ಚಿತ್ರಗಳ ಸುರಿಮಳೆ. ಕಾಕಾನ ಹುಟ್ಟುಹಬ್ಬ, ಸಣ್ಣ ಕಾಕಾನ ಹುಟ್ಟುಹಬ್ಬ, ಸೋದರಮಾವನದು, ನನ್ನದೂ. ಇದೇನು ವಿಚಿತ್ರ ಮನೆ ಅಂದುಕೊಳ್ಳಬೇಡಿ. ಗದಗ ಜಿಲ್ಲೆಯ ರೋಣದ ಕಡೆ ಯಾವ ಓಣಿಗೆ ಹೋದರೂ ಇದೇ ಕಥೆ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಹುಟ್ಟಿದ ತಾರೀಖು ಕೇಳುತ್ತಿದ್ದರು. ಕರೆದುಕೊಂಡು ಹೋದವರು ತಲೆ ಕೆರೆದುಕೊಳ್ಳುತ್ತಿದ್ದರು. ಮಾಸ್ತರರು ಜೂನ್ ಒಂದು ಅಂತ ಬರೆದು ಮುಂದಿನವನನ್ನು ಕರೆಯುತ್ತಿದ್ದರು. ಅದೇ ತಾರೀಖು ಮಾರ್ಕ್ಸ್ ಕಾರ್ಡಿಗೆ ಬಂತು, ಆಧಾರಿಗೂ ಬಂತು. ಸರ್ಕಾರಿ ನೌಕರಿ ಸಿಕ್ಕವರು ಅದೇ ಲೆಕ್ಕದಲ್ಲಿ 60 ತುಂಬಿ ಮೇ 31ಕ್ಕೆ ರಿಟೈರ್ ಆಗುತ್ತಾರೆ. ಆ ದಿನ ಆಫೀಸುಗಳಲ್ಲಿ ಶಾಲು, ಹಾರಗಳ ಗಲಾಟೆ ಜಾಸ್ತಿ ಇರೋದು ಸುಮ್ನೆ ಅಲ್ಲ.

ಹಾಗಂತ ನಾನು ಹುಟ್ಟಿದ್ದು ಯಾವಾಗ ಅಂತ ಅವ್ವನಿಗೆ ಗೊತ್ತಿಲ್ಲದೆ ಇಲ್ಲ. "ಹೊಲದಾಗ ಹೆಸರಕಾಯಿ ಬಿಡಸಾಕ ಹೋಗಿದ್ನಿ. ಎರಡು ಉಡಿ ಬಿಡಸೂದ್ರಾಗ ಬ್ಯಾನಿ ಶುರುವಾತು. ಪಂಚಮಿ ಮುಗದಿತ್ತು, ಜೋಕಾಲಿ ಇನ್ನೂ ಬಿಚ್ಚಿದ್ದಿಲ್ಲ" ಅನ್ನುತ್ತಾಳೆ. ತಾರೀಖು ಇದಕ್ಕಿಂತ ಹೆಚ್ಚು ಏನು ಹೇಳೀತು?

ಅವ್ವ ಸಿಟ್ಟು ಬಂದಾಗಲೂ ಇದನ್ನೇ ಹೇಳುತ್ತಾಳೆ. ಆ ವರ್ಷದ ಹೆಸರು ಅರ್ಧಕ್ಕೆ ನಿಂತಿದ್ದು ನನ್ನಿಂದಲಂತೆ. ಹೆಸರು ಕಾಯಲು ಬರುವ ಬೆಳೆಯಲ್ಲ. ಗಿಡದ ಕೆಳಗಿನ ಕಾಯಿ ಕಪ್ಪಾಗಿ ಒಣಗಿದಾಗ ಮೇಲಿನದು ಇನ್ನೂ ಹಸಿರು, ತುದಿಯಲ್ಲಿ ಹಳದಿ ಹೂವು. ಒಂದೇ ಸಾಲಿಗೆ ಎರಡು ಮೂರು ಸಲ ಹೋಗಬೇಕು, ಹೋದಾಗಲೆಲ್ಲ ಸೊಂಟ ಬಗ್ಗಿಸಬೇಕು. ಬಿಸಿಲು ಏರಿತೋ, ಮುಟ್ಟಿದರೆ ಸಾಕು, ಕಾಯಿ ಚಟ್ಟನೆ ಸಿಡಿದು ಕಾಳು ಎರೆಮಣ್ಣಿನ ಬಿರುಕಿಗೆ ಬೀಳುತ್ತದೆ. ಕಾಯಿ ಮೇಲಿನ ಸಣ್ಣ ಕೂದಲು ತಾಗಿ ಮುಂಗೈಯೆಲ್ಲ ತುರಿಕೆ. ಇನ್ನು ಮಳೆ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಗಾದೆ ಇದೆಯಲ್ವಾ? ಅದನ್ನು ಮಾಡಿದವನು ಖಂಡಿತ ಹೆಸರು ಬಿತ್ತಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ಮಘೆ ನಾಲ್ಕು ದಿನ ಜಡಿ ಹಿಡಿದರೆ ಕಾಳು ಕಾಯೊಳಗೇ ಮೊಳಕೆ ಒಡೆಯುತ್ತದೆ. ಪ್ಯಾಟಿಯಲ್ಲಿ ದಲಾಲರು ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿ ಮುಖ ಸಿಂಡರಿಸುತ್ತಾರೆ. ಈಗ ಬಹಳ ಕಡೆ ಔಷಧ ಹೊಡೆದು ಗಿಡ ಒಣಗಿಸಿ ಮಷಿನ್ ಬಿಡುತ್ತಾರೆ. ಒಂದೇ ದಿನಕ್ಕೆ ಹೊಲ ಖಾಲಿ. ನನಗೇನೋ ಆ ಔಷಧದ ವಾಸನೆ ಕಂಡರಾಗದು. ಆದರೆ ಆಳು ಸಿಗದ ಕಾಲದಲ್ಲಿ ಊರಿಂದ ದೂರ ಕೂತು ನಾನು ಹೇಳೋ ಮಾತಲ್ಲ ಅದು.

ಹಿರಿಯರ ಲೆಕ್ಕ ಇನ್ನೂ ದೊಡ್ಡದು. ಕಾಕಾ ಹುಟ್ಟಿದ್ದು 1972ರ ಬರದಲ್ಲಿ. ಚಿಗವ್ವನ ಮದುವೆ ಬಂಡಾಯ ಆದ ಮರುವರ್ಷ. ಬಂಡಾಯ ಅಂದರೆ 1980ರ ಜುಲೈ 21, ನರಗುಂದ, ನವಲಗುಂದದ ರೈತರು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ದಿನ. ಗೋಲಿಬಾರ್ ಆಗಿ ರೈತರು ಸತ್ತರು. ಇಸವಿ ಮರೆತವರಿಗೂ ಬಂಡಾಯ ಮರೆತಿಲ್ಲ. ಆಮೇಲೆ ಹುಟ್ಟಿದವರ ವಯಸ್ಸನ್ನು ಅದರಿಂದಲೇ ಎಣಿಸುತ್ತಾರೆ.

ಸಾಲಿ ಶುರುವಾಗೋದೂ ಬಿತ್ತಿಗೆ ಶುರುವಾಗೋದೂ ಒಂದೇ ವಾರ ಯಾಕೆ ಇಟ್ಟರೋ! ರೋಹಿಣಿ ಮಳೆ ಮುಗಿದು ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಹೊತ್ತಿಗೆ ಅಪ್ಪ ಬೀಜಕ್ಕೆ ರೈತ ಸಂಪರ್ಕ ಕೇಂದ್ರದ ಮುಂದೆ ಪಾಳಿ ಹಚ್ಚಿರುತ್ತಿದ್ದ. ನಾವು ನೋಟ್‌ಬುಕ್ಕಿಗೆ ಅವನ ಹಿಂದೆ ಪಾಳಿ. ಗೊಬ್ಬರದ ಚೀಲ ಮೊದಲೋ, ಸಾಲಿ ಫೀ ಮೊದಲೋ? ಗೊಬ್ಬರವೇ ಗೆಲ್ಲುತ್ತಿತ್ತು. ಫೀ ತಡವಾದರೆ ಮಾಸ್ತರರು ಬೈದು ಸುಮ್ಮನಾಗುತ್ತಾರೆ, ಹದ ತಪ್ಪಿದರೆ ಹೊಲ ಸುಮ್ಮನಿರಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ, ನಮಗೆ ಹೊಸ ಯೂನಿಫಾರ್ಮು. ಎತ್ತು ಹೋದ ಮೇಲೆ ತಮ್ಮ ಟ್ರ್ಯಾಕ್ಟರ್ ತೊಳೆದು ಹಾರ ಹಾಕುತ್ತಾನೆ. ಎತ್ತು ಓಡಿಸಿ ಕರಿ ಹರಿಯುವುದು ಮಾತ್ರ ಇಲ್ಲ.

ತಮ್ಮನ ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಸರ್ಟಿಫಿಕೇಟ್ ಮೊಬೈಲಿನಲ್ಲೇ ಇದೆ, ಹುಟ್ಟಿದ ನಿಮಿಷವೂ ಗೊತ್ತು. ಆದರೂ ಅವಳು ಮೊದಲ ಹೆಜ್ಜೆ ಇಟ್ಟಿದ್ದು ಯಾವಾಗ ಅಂತ ಕೇಳಿ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಹೋದಾಗ ಅನ್ನುತ್ತಾರೆ. ಹಿಂಗಾರಿ ಜೋಳ ಆಗಷ್ಟೇ ಮೊಳಕೆ ಒಡೆದಿತ್ತು. ಎಲ್ಲರೂ ಉಣ್ಣಲು ಕೂತಾಗ ಮಗು ಬುತ್ತಿ ಗಂಟು ಹಿಡಿದು ಎದ್ದು, ಎರಡು ಹೆಜ್ಜೆ ಇಟ್ಟು, ಪುಂಡಿಪಲ್ಲೆಯಲ್ಲಿ ಕೂತಿತು. ಈ ಕಥೆಯಲ್ಲಿ ತಾರೀಖು ಬರೋದೇ ಇಲ್ಲ.

ಮದುವೆಗಂತೂ ಪಂಚಾಂಗ ತೆಗೆಯುವ ಮೊದಲು ಕಣ ನೋಡಬೇಕು. ಕಡಲೆ ಆಗಬೇಕು, ಜೋಳ ಆಗಬೇಕು, ರೇಟು ಗೊತ್ತಾಗಬೇಕು. ಬೀಗರೂ ಹೊಲದವರಾದರೆ ಮಾತೇ ಬೇಡ, ಬಸವ ಜಯಂತಿಯ ಆಚೀಚೆ ಅಂತ ಅವರಾಗೇ ಹೇಳುತ್ತಾರೆ. ಈ ಸಲ ತಂಗಿಗೆ ಗಂಡು ನೋಡಿದ್ದು ಬೆಂಗಳೂರಿನ ಕಂಪನಿಯವನನ್ನು. ಆಗಸ್ಟಿನಲ್ಲಿ ಸಾಲಾಗಿ ರಜೆ ಬರುತ್ತವೆ, ಆಗಲೇ ಮಾಡೋಣ ಅಂದರು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೆಸರು ಬಿಡಸೂ ಹೊತ್ತಿಗೆ ಅಕ್ಕಿಕಾಳು ಹಾಕಾಕ ಊರಾಗಿಂದ ಒಬ್ಬನೂ ಬರೂದಿಲ್ಲರಿ" ಅಂದ. ಕೊನೆಗೆ ಏಪ್ರಿಲ್‌ಗೆ ಬಂತು. ಹುಬ್ಬಳ್ಳಿಯಲ್ಲಿ ಕಲ್ಯಾಣ ಮಂಟಪವೂ ಸಿಕ್ಕಿತು. ಬೀಗರಿಗೆ ಫೋನ್ ಮಾಡಲು ತಮ್ಮ ಮೊಬೈಲ್ ಎತ್ತಿಕೊಂಡ. ಅಪ್ಪ ತಡೆದ: "ಅವರಿಗೆ ಆಮ್ಯಾಲೆ ಹಚ್ಚು. ಮೊದಲ ರಾಶಿ ಮಷಿನ್ನಿನಾಂವಗ ಹೇಳು, ಮಾರ್ಚ್‌ದಾಗ ನಮ್ಮ ಹೊಲಕ್ಕ ಬಾ ಅಂತ."