ಧೂಳಲ್ಲಿ ಹೊರಳಿ, ಗಂಟೆ ಹೊಡಿ

ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಕರೆಂಟು ಮಾತ್ರ ಹೇಗೋ ಇತ್ತು. ಸರಿ ಅಂತ ಅವನ ಲ್ಯಾಪ್‌ಟಾಪಲ್ಲಿ ಒಂದು ಸಾಕ್ಷ್ಯಚಿತ್ರ ನೋಡಿದೆವು. ಅಮೆರಿಕದ ನೆವಾಡಾ ಮರುಭೂಮಿಯ ಬರ್ನಿಂಗ್ ಮ್ಯಾನ್ ಅನ್ನೋ ಕಲಾ ಉತ್ಸವಕ್ಕೆ ಮೊದಲ ಸಲ ಹೋದವರ ಕಥೆ.

ಅಲ್ಲಿ ಹೊಸಬರಿಗೆ ಒಂದು ಸಂಪ್ರದಾಯ ಇದೆ. ಗಂಟೆಗಟ್ಟಲೆ ಕಾರಿನ ಸಾಲಲ್ಲಿ ಕಾದು ಬಾಗಿಲಿಗೆ ಬಂದವರನ್ನು ಕೆಳಗಿಳಿಸಿ, ಧೂಳಲ್ಲಿ ಮಲಗಿಸಿ, ಎಮ್ಮೆ ಹೊರಳಿದ ಹಾಗೆ ಹೊರಳಿಸುತ್ತಾರೆ. ಆಮೇಲೆ ಎದ್ದು ಗಂಟೆ ಹೊಡಿಬೇಕು. ಹೊಡೆದ ಕೂಡಲೇ ತಬ್ಬಿಕೊಂಡು, ‘ಮನೆಗೆ ಸ್ವಾಗತ’ ಅನ್ನುತ್ತಾರೆ. ಹುಬ್ಬು, ಮೂಗು, ಕಿವಿ ಎಲ್ಲಾ ಬಿಳಿ ಮಾಡಿಕೊಂಡ ಒಬ್ಬ ಹುಡುಗ ಕಣ್ಣೀರು ಸುರಿಸುತ್ತಾ ನಗುತ್ತಿದ್ದ. ಅಮ್ಮ ಕನ್ನಡಕ ಸರಿ ಮಾಡಿಕೊಂಡು, "ಪಾಪ, ಯಾರ ಮನೆ ಮಗನೋ, ಯಾರೂ ಹೇಳೋರು ಕೇಳೋರು ಇಲ್ವಾ?" ಅಂದರು.

ಇದಕ್ಕೆ ದುಡ್ಡು ಕೊಡಬೇಕು. 2023ರಲ್ಲಿ ಒಂದು ಟಿಕೆಟ್ಟಿಗೆ 575 ಡಾಲರ್, ನಮ್ಮ ಲೆಕ್ಕದಲ್ಲಿ 47 ಸಾವಿರದ ಚಿಲ್ಲರೆ. ಅಷ್ಟು ಕೊಟ್ಟರೆ ಊಟ ಸಿಗಲ್ಲ, ನೀರು ಸಿಗಲ್ಲ, ಮಲಗೋಕೆ ಜಾಗ ಅಂದ್ರೆ ಬರೀ ನೆಲ. ಎಲ್ಲಾ ನೀವೇ ಹೊತ್ತು ತರಬೇಕು, ವಾಪಸ್ ಹೋಗುವಾಗ ಕಸವನ್ನೂ ನೀವೇ ಹೊತ್ತೊಯ್ಯಬೇಕು. ಒಳಗೆ ದುಡ್ಡಿನ ವ್ಯವಹಾರವೇ ಇಲ್ಲವಂತೆ, ಐಸ್ ಒಂದು ಬಿಟ್ಟು. ಇದನ್ನು ಸ್ವಾವಲಂಬನೆ ಅಂತಾರೆ, ಅವರ ಹತ್ತು ತತ್ವಗಳಲ್ಲಿ ಅದೂ ಒಂದು. ನಮ್ಮೂರಿಗೆ ಸಂಜೆ ಬಸ್ಸು ತಪ್ಪಿದರೆ ಅಕ್ಕಿಮೂಟೆ ಹೊತ್ತುಕೊಂಡು ನಾಲ್ಕು ಮೈಲಿ ನಡೆದು ಬರುತ್ತೇವಲ್ಲ, ಅದೂ ತತ್ವವೇ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಶುರುವಾಗಿದ್ದು ತುಂಬಾ ಸಣ್ಣದಾಗಿ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮುದ್ರ ದಂಡೆಯಲ್ಲಿ ಲ್ಯಾರಿ ಹಾರ್ವೆ, ಜೆರಿ ಜೇಮ್ಸ್ ಅನ್ನೋ ಇಬ್ಬರು ಗೆಳೆಯರು ಎಂಟಡಿ ಎತ್ತರದ ಮರದ ಮನುಷ್ಯನನ್ನು ಮಾಡಿ ಸುಟ್ಟರು. 1990ರಲ್ಲಿ ಅದು ಮರುಭೂಮಿ ಸೇರಿತು. ಈಗ ಆಗಸ್ಟ್ ಕೊನೆಯಲ್ಲಿ ಎಪ್ಪತ್ತು ಸಾವಿರದಷ್ಟು ಜನ ಸೇರ್ತಾರೆ. ಕಾಮನ ಸುಡೋಕೆ ನಮ್ಮ ಹುಡುಗರು ಊರೆಲ್ಲಾ ಸೌದೆ ಕದ್ದು ಬೈಸಿಕೊಳ್ಳುತ್ತಾರೆ. ಒಂದು ಟಿಕೆಟ್ ಪುಸ್ತಕ ಅಚ್ಚು ಹಾಕಿಸಬಹುದಿತ್ತು ಅಂತ ಒಬ್ಬರಿಗೂ ಹೊಳೆದಿಲ್ಲ.

ನನಗೆ ಬಹಳ ಹಿಡಿಸಿದ್ದು 2023ರ ಮಳೆಯ ಭಾಗ. ಬಿದ್ದಿದ್ದು ಹೆಚ್ಚುಕಮ್ಮಿ ಒಂದು ಇಂಚು. ಆಗುಂಬೆಯಲ್ಲಿ ಹೋಟೆಲಿನವರು ಟೀ ತಂದಿಡೋದರೊಳಗೆ ಅಷ್ಟು ಬೀಳುತ್ತೆ. ಅಲ್ಲಿಯ ನೆಲ ಒಣಗಿದ ಕೆರೆಯ ತಳ, ಸೋಡದಂಥ ನುಣ್ಣನೆ ಧೂಳು. ನೀರು ಬಿದ್ದಿದ್ದೇ ತಡ ಅಂಟಂಟು ಕೆಸರು. ಗಾಡಿ ಓಡಿಸೋ ಹಾಗಿಲ್ಲ, ಬಾಗಿಲು ಬಂದ್, ಊಟ ನೀರು ಉಳಿಸಿಕೊಳ್ಳಿ ಅಂತ ಆಜ್ಞೆ. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಓಡಾಡಿದರು. ಕ್ರಿಸ್ ರಾಕ್ ಅನ್ನೋ ದೊಡ್ಡ ಹಾಸ್ಯನಟ ಮೈಲಿಗಟ್ಟಲೆ ನಡೆದು, ಕೊನೆಗೆ ಯಾರೋ ಅಭಿಮಾನಿಯ ಪಿಕಪ್ ಹಿಂದೆ ಹತ್ತಿ ಹೊರಗೆ ಬಂದ. ಪ್ರಪಂಚದ ಪೇಪರೆಲ್ಲಾ ಅದೇ ಸುದ್ದಿ. ಪಿಕಪ್ ಹಿಂದೆ ನಿಂತು ಪೇಟೆಗೆ ಹೋಗೋ ನಮ್ಮನ್ನು ತಾಲೂಕು ವರದಿಗಾರನೂ ತಿರುಗಿ ನೋಡಲ್ಲ.

ಆ ಧೂಳು ಹಿಡಿದರೆ ಪಾದ ಬಿರಿಯುತ್ತದಂತೆ, ವಿನೆಗರ್ ನೀರಲ್ಲಿ ತೊಳಿಬೇಕಂತೆ. ಅಮ್ಮ ತನ್ನ ಕಾಲು ನೋಡಿಕೊಂಡರು. ಬೆರಳ ಸಂದಿಯಲ್ಲಿ ಕೆಸರು ಹುಣ್ಣು, ಹಿಮ್ಮಡಿಯಲ್ಲಿ ಬೆಳಗ್ಗೆ ಇಂಬಳ ಕಚ್ಚಿದ ಗುರುತು.

ಇಷ್ಟರಲ್ಲಿ ಹುಡುಗನಿಗೆ ಐಡಿಯಾ ಬಂತು. "ಮಾವ, ಇಲ್ಲೇ ಮಾಡಬಹುದು! ಹೊಸಬರಿಗೆ ಇಂಬಳದ ದೀಕ್ಷೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಅದೆಲ್ಲಾ ಪ್ಯಾಕೇಜಲ್ಲಿ." ಪಕ್ಕದೂರಿನ ಹೋಮ್‌ಸ್ಟೇಯವರು ಮಾಡ್ತಾ ಇರೋದು ಅದನ್ನೇ ಅಲ್ವಾ ಅಂದೆ. ಕೇಳಿಸಿಕೊಳ್ಳಲಿಲ್ಲ, ಹೆಸರು ಹುಡುಕೋಕೆ ಶುರು ಮಾಡಿದ.

ಅಮ್ಮನಿಗೆ ಬೇರೆಯದೇ ಚಿಂತೆ. "ಅಷ್ಟು ಮರ ಸುಟ್ಟು ಬೂದಿ ಏನು ಮಾಡ್ತಾರೋ?" ನೆಲದಲ್ಲಿ ಒಂದು ಮೊಳೆಯೂ ಉಳಿಯದ ಹಾಗೆ ಎಲ್ಲಾ ಗುಡಿಸಿ ಒಯ್ತಾರೆ ಅಂದ ಹುಡುಗ. "ಅಯ್ಯೋ, ತೆಂಗಿನ ಬುಡಕ್ಕಾದರೂ ಹಾಕಬಹುದಿತ್ತು" ಅಂತ ಏಳುತ್ತಾ ಅವನ ಕಡೆ ತಿರುಗಿದರು.

"ನೀನೂ ಹೊಸಬನೇ ತಾನೆ? ತೋಟದ ಬಸಿಗಾಲುವೆ ಕಟ್ಟಿಕೊಂಡಿದೆ, ಗುದ್ದಲಿ ಹಿತ್ತಿಲಲ್ಲಿದೆ. ಮುಗಿಸಿ ಬಾ. ಗಂಟೆ ದೇವರ ಮನೇಲಿ ಇದೆ, ಸ್ನಾನ ಮಾಡಿ ಹೊಡಿ."