ಅಜ್ಜನ ಫೋಟೊಗೆ ಬಾಳಕದ ಮೆಣಸಿನಕಾಯಿ

ಹರಿವೆ ಸೊಪ್ಪಿನ ರಸದಲ್ಲಿ ಫೋಟೊ ಪ್ರಿಂಟ್ ಮಾಡಬಹುದು ಎಂದಾಗ ಅಮ್ಮ ಕೇಳಿದ್ದು ಒಂದೇ, "ಹಾಗಾದ್ರೆ ಮಧ್ಯಾಹ್ನ ಹುಳಿಗೆ ಏನು?"

ಇದಕ್ಕೆ ಆಂಥೊಟೈಪ್ ಎಂದು ಹೆಸರು. ಸೊಪ್ಪನ್ನೋ ಹೂವನ್ನೋ ಅರೆದು, ಸೋಸಿ, ದಪ್ಪ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಅದರ ಮೇಲೆ ಪಾರದರ್ಶಕ ಹಾಳೆಯಲ್ಲಿ ಅಚ್ಚು ಹಾಕಿಸಿದ ಫೋಟೊ, ಅದರ ಮೇಲೊಂದು ಗಾಜು. ಬಿಸಿಲು ಬಿದ್ದಲ್ಲಿ ಬಣ್ಣ ಹೋಗುತ್ತದೆ, ನೆರಳಿದ್ದಲ್ಲಿ ಉಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಹೂವಿನ ರಸದ ಈ ಪ್ರಯೋಗಗಳನ್ನು 1842ರಲ್ಲೇ ಪ್ರಕಟಿಸಿದ್ದರು. ಕೆಲವು ರಸಗಳಿಗೆ ವಾರಗಟ್ಟಲೆ ಬಿಸಿಲು ಬೇಕು. ಇಂಗ್ಲೆಂಡಿನಲ್ಲಿ ಕೂತು ಬಿಸಿಲಿಗೆ ಕಾದ ಆ ಪುಣ್ಯಾತ್ಮರಿಗೆ ನಮಸ್ಕಾರ.

ಸೊಪ್ಪು ಹುಳಿಗೆ ಹೋಯಿತು. ನನಗೆ ಉಳಿದದ್ದು ಅರಿಸಿನ. ಒಳ್ಳೆಯದೇ ಆಯಿತು. ಅರಿಸಿನವನ್ನು ಸ್ಪಿರಿಟ್ಟಿನಲ್ಲಿ ಕದಡಿ ಬಳಿದರೆ ಕೆಲವೇ ಗಂಟೆಗಳಲ್ಲಿ ಚಿತ್ರ ಮೂಡುತ್ತದೆ. ಆಮೇಲೆ ವಾಷಿಂಗ್ ಸೋಡಾದ ನೀರು ತಾಗಿಸಿದರೆ ಹಳದಿ ಹೋಗಿ ಕೆಂಪು. ಸುಣ್ಣ ಬೆರೆಸಿದಾಗ ಆರತಿಯ ಓಕುಳಿ ಕೆಂಪಾಗುವ ಗುಟ್ಟೂ ಇದೇ.

ನಮ್ಮಲ್ಲಿ ಬಿಸಿಲಿಗೇನು ಬರ, ಅಲ್ವಾ? ಬರ ಇದ್ದದ್ದು ಜಾಗಕ್ಕೆ. ತಾರಸಿ ತುಂಬ ಸಂಡಿಗೆ. ಮೂಲೆಯಲ್ಲಿ ಹೇಗೋ ಅಜ್ಜನ ಫೋಟೊ ಇಟ್ಟು ಕೆಳಗಿಳಿದೆ. ಕಾದ ಗಾಜು ಕಂಡರೆ ಅಮ್ಮ ಸುಮ್ನೆ ಬಿಡುತ್ತಾರೆಯೇ? ಮಿಕ್ಕಿದ ಬಾಳಕದ ಮೆಣಸಿನಕಾಯನ್ನು ಅದರ ಮೇಲೇ ಹರಡಿದರು. "ಪಾಪ, ಅದೂ ಒಣಗಲಿ ಅಂತ" ಎಂದರು. ಸಂಜೆ ನೋಡಿದರೆ ಅಜ್ಜನ ಹಣೆಗೆ ಎರಡು, ಮೂಗಿನ ಕೆಳಗೆ ಅಡ್ಡಲಾಗಿ ಒಂದು ದಪ್ಪನೆಯದು.

ಇಂಥ ಚಿತ್ರವನ್ನು ಗೋಡೆಗೆ ಹಾಕುವಂತಿಲ್ಲ. ಮಾಡಿದ ಬಿಸಿಲೇ ಅಳಿಸಿಯೂ ಹಾಕುತ್ತದೆ. ಮಾಮೂಲಿ ಫೋಟೊ ಮಾಸದಂತೆ ಉಳಿಸುವ ಹೈಪೊ ಎಂಬ ರಾಸಾಯನಿಕದ ಗುಣವನ್ನು ಕಂಡುಹಿಡಿದವರೂ ಇದೇ ಹರ್ಷೆಲ್. ಆ ಹೈಪೊ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಅಜ್ಜ ಈಗ ಬೀರುವಿನೊಳಗೆ, ರೇಷ್ಮೆ ಸೀರೆಗಳ ನಡುವೆ ಇದ್ದಾರೆ. ನೆಂಟರು ಬಂದರೆ ಕಿಟಕಿ ಮುಚ್ಚಿ, ಪರದೆ ಎಳೆದು, ಒಂದು ಕ್ಷಣ ದರ್ಶನ ಮಾಡಿಸುತ್ತೇವೆ. ತಿರುಪತಿಯಲ್ಲೂ ಇದಕ್ಕಿಂತ ಜಾಸ್ತಿ ಹೊತ್ತು ಸಿಗುತ್ತದೆ.

ಮೊನ್ನೆ ಅಜ್ಜನ ಕಾಲದ ನೆಂಟರೊಬ್ಬರು ನೋಡಿ ಕಣ್ಣೊರೆಸಿಕೊಂಡರು. "ಅದೇ ಮುಖ ಕಣಪ್ಪಾ, ಅದೇ ಮೀಸೆ!"

ಅಜ್ಜ ಜೀವಮಾನದಲ್ಲಿ ಮೀಸೆ ಬಿಟ್ಟವರಲ್ಲ.