ಬಕ್ಕಣ ಇಲ್ಲದ ಅಂಗಿ

ನಮ್ಮ ವಿಜಯಪುರದ ಕಡೆ ಜೇಬಿಗೆ ಬಕ್ಕಣ ಅಂತೀವಿ. ಬಿಬಿಎ ಮೂರನೇ ವರ್ಷಕ್ಕೆ ಬಂದು, ಬಂಡವಾಳ, ಲಾಭ, ಬ್ರ್ಯಾಂಡು ಎಲ್ಲ ಬಾಯಿಪಾಠ ಮಾಡಿದ ಮೇಲೆ ನನಗೆ ಹೊಳೆದದ್ದು ಇಷ್ಟು: ನನಗೆ ಬಕ್ಕಣವೇ ಇಲ್ಲ. ರೊಕ್ಕ ಇಲ್ಲ ಅನ್ನೋದು ಬೇರೆ ಮಾತು, ಇಡೋಕೇ ಜಾಗ ಇಲ್ಲ. ಆರು ಚೂಡಿದಾರದಲ್ಲಿ ಒಂದಕ್ಕೂ ಹೊಲಿದಿಲ್ಲ.

ಹಿಂಗ ಬಕ್ಕಣ ಇಲ್ಲದ ಅಂಗಿ ತೊಟ್ಟವರು ಊರಾಗ ಇನ್ನೊಬ್ಬರಿದ್ದರು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ, ನಮಗೆಲ್ಲ ಅಪ್ಪಾವ್ರು. ಆಯಿ, ಅಂದರೆ ನನ್ನ ಅಜ್ಜಿ, ನನ್ನನ್ನು ನಸುಕಿನಲ್ಲೇ ಎಬ್ಬಿಸಿ ಪ್ರವಚನಕ್ಕೆ ಎಳೆದೊಯ್ಯುತ್ತಿದ್ದಳು. ಮಾತು ತಿಳಿಯುವ ವಯಸ್ಸಲ್ಲ, ಅಂಗಿ ನೋಡುತ್ತ ಕೂರುತ್ತಿದ್ದೆ. ಬೇರೆ ಗಂಡಸರ ಎದೆ ಮೇಲೆ ಒಂದು ಚೌಕ, ಅದರಲ್ಲಿ ಪೆನ್ನು, ಮಡಚಿದ ಚೀಟಿ, ಬಸ್ ಟಿಕೀಟು. ಅವರದು ಬರೀ ಬಿಳಿ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದು ಪತ್ರ ಬರೆದರು. ‘ಕೊಟ್ರ ಎಲ್ಲಿ ಇಟ್ಕೋಬೇಕ ಹೇಳ, ಬಕ್ಕಣನ ಇಲ್ಲ’ ಅಂದಳು ಆಯಿ.

ಕಾಲೇಜಿನಲ್ಲಿ ನಾಯಕತ್ವದ ಪಾಠ ಶುರುವಾದ ದಿನ ಪರದೆಯ ಮೇಲೆ ಮೂಡಿದ ನಾಯಕ ಕೋಟು ತೊಟ್ಟಿದ್ದ, ಎರಡೂ ಕೈ ಪ್ಯಾಂಟಿನ ಬಕ್ಕಣದಲ್ಲಿ. ನನಗೆ 2023ರ ಜನವರಿ ನೆನಪಾಯಿತು. 2ನೇ ತಾರೀಖು ಸಂಜೆ ಅಪ್ಪಾವ್ರು ಹೋದರು. ಮರುದಿನ ಊರಿಗೆ ಊರೇ ಸಾಲುಗಟ್ಟಿ ನಿಂತಿತ್ತು. ಸ್ಮಾರಕ ಬೇಡ, ಚಿತಾಭಸ್ಮ ನೀರಿಗೆ ಬಿಡಿ ಎಂದು 2014ರಲ್ಲೇ ಬರೆದಿಟ್ಟಿದ್ದರಂತೆ. ಇವರು ಯಾವ ಮಾದರಿಯ ನಾಯಕ ಎಂದು ಕೇಳಬೇಕೆನಿಸಿತು. ಇಂಟರ್ನಲ್ ಮಾರ್ಕ್ಸ್ ನೆನಪಾಗಿ ಸುಮ್ಮನಾದೆ.

ಕಾಲೇಜಿನ ಮೇಳದಲ್ಲಿ ನಾವು ಮೂವರು ಹುಡುಗಿಯರು ಕಡಕ್ ರೊಟ್ಟಿ ಅಂಗಡಿ ಇಟ್ಟೆವು. ರೊಟ್ಟಿ ಅವ್ವಂದು, ಶೇಂಗಾ ಚಟ್ನಿ ಅತ್ತಿದು. ಸ್ಕೂಟಿ ಮೇಲೆ ಒಯ್ಯುವಾಗ ಪ್ರತಿ ರೋಡ್ ಹಂಪ್‌ಗೂ ಒಳಗಿಂದ ಟಪ್ ಅನ್ನುವ ಸದ್ದು. ಮುರಿದ ರೊಟ್ಟಿಯನ್ನೇ ಪುಡಿ ಮಾಡಿ, ಉಳ್ಳಾಗಡ್ಡಿ, ಮೊಸರು ಕಲಸಿ ದೊನ್ನೆಯಲ್ಲಿ ಮಾರಿದೆವು. ಇಡೀ ರೊಟ್ಟಿಗಿಂತ ಅದೇ ಮೊದಲು ಖಾಲಿಯಾಯಿತು! ರೊಕ್ಕ ಮಾತ್ರ ನನ್ನ ಕೈಗೆ ಬರಲಿಲ್ಲ. ಕೋಡ್ ಸ್ಕ್ಯಾನ್ ಮಾಡಿದರೆ ಅಣ್ಣನ ಹೆಸರು ಬರುತ್ತಿತ್ತು. ಮನೆಯಲ್ಲಿ ನೆಟ್ಟಗೆ ನಡೆಯುವ ಖಾತೆ ಅವನದೊಂದೇ. ಸಂಜೆ ಬಂದವನೇ ‘ನಮ್ಮ ಬಿಸಿನೆಸ್ ಚಲೋ ಆತಲ್ಲ’ ಅಂದ. ಹಿಟ್ಟು ಮುಟ್ಟಿದ ಕೈಯಲ್ಲ ಅದು.

ಈಗ ಅದನ್ನೇ ದೊಡ್ಡದು ಮಾಡುವ ಆಸೆ. ಸಣ್ಣ ಆಹಾರ ಘಟಕಗಳಿಗೆಂದು ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ 35% ಸಬ್ಸಿಡಿ ಸಿಗುತ್ತದೆ, 10 ಲಕ್ಷದವರೆಗೆ. ಆದರೆ ಒಟ್ಟು ಖರ್ಚಿನಲ್ಲಿ ಕನಿಷ್ಠ 10% ನಮ್ಮದೇ ಆಗಿರಬೇಕು. ಫಾರ್ಮಿನ ಆ ಸಾಲಿಗೆ ಬಂದಾಗೆಲ್ಲ ನನ್ನ ಕೈ ತಾನಾಗಿ ಸೊಂಟದ ಪಕ್ಕ ತಡಕಾಡುತ್ತದೆ. ಅಲ್ಲಿ ಬರೀ ಹೊಲಿಗೆ.

ಒಂದು ರಾತ್ರಿ ಆಯಿಯನ್ನು ಕೇಳಿಯೇ ಬಿಟ್ಟೆ: ಅಪ್ಪಾವ್ರ ಪ್ರವಚನ ಕೇಳಿ ಬೆಳೆದವಳು ಇಷ್ಟೊಂದು ರೊಕ್ಕದ ಆಸೆ ಪಡಬಹುದಾ?

ಆಯಿ ತನ್ನ ಎಲೆಅಡಿಕೆ ಚೀಲ, ಚಂಚಿ, ಬಿಚ್ಚಿದಳು. ಅದರಲ್ಲಿ ಎಲೆಗೊಂದು ಮನೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಎಲ್ಲಕ್ಕಿಂತ ಒಳಗೆ, ಅಜ್ಜನಿಗೂ ಗೊತ್ತಿರದ ಇನ್ನೊಂದು.

‘ಅಪ್ಪಾವ್ರು ಬ್ಯಾಡಂತ ಬಕ್ಕಣ ಬಿಟ್ರು. ನಿನಗ ಬಕ್ಕಣ ಹೊಲಿದೇ ಇಲ್ಲ. ಏನ ಬಿಡ್ತಿ ನೀ?’

ಮರುದಿನ ಹೊಸ ಚೂಡಿದಾರದ ಬಟ್ಟೆ ಹಿಡಿದು ಟೇಲರ್ ಹತ್ತಿರ ಹೋದೆ. ಬಕ್ಕಣ ಅಂದದ್ದಕ್ಕೆ ಕನ್ನಡಕ ಮೇಲೇರಿಸಿ ನೋಡಿದ. ‘ಎಷ್ಟ ದೊಡ್ಡದು ತಂಗಿ? ಮೊಬೈಲ್ ಹಿಡಿಸುವಷ್ಟಾ?’

‘ಅದಕ್ಕಿಂತ ದೊಡ್ಡದು.’

‘50 ರೂಪಾಯಿ ಜಾಸ್ತಿ ಆಗ್ತದ.’

ಆ 50 ಚಂಚಿಯ ಒಳಮನೆಯಿಂದ ಬಂತು. ಸಾಲ ಅಂತ ಬರೆದಿಟ್ಟುಕೋ ಎಂದಿದ್ದಾಳೆ ಆಯಿ.